ಮಾಸ್ಟ್ರ ತಲೆಗೆ ಕಟ್ಟಿದ್ದು

ಚಿದಾನಂದ ಮಾಸ್ಟ್ರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ, ಬಾಯಿಮುಚ್ಚಿ ಕೂತದ್ದು ಸಾಕಾಯಿತು. ಅವರು ಬೆಳ್ತಂಗಡಿ ತಾಲೂಕಿನ ನೆರಿಯದವರು. ನಾನು ವಿಟ್ಲದ ರಮಾನಾಥ. ಮಧ್ಯೆ ಎರಡು ಗಂಟೆಯ ದಾರಿಯೂ ಸರಿಯಾಗಿ ಇಲ್ಲ, ಆದರೆ ನಮ್ಮ ಪರಿಚಯವಾದದ್ದು ಮಾತ್ರ ಶಾರ್ಜಾದಲ್ಲಿ.

ಅವರ ತಂದೆ ರುಕ್ಮಯ್ಯ ಬೇರೆಯವರ ರಬ್ಬರ್ ಮರ ಕೆತ್ತಿ ಹಾಲು ತೆಗೆದು ಮಗನನ್ನು ಓದಿಸಿದವರು. ಮಗ ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದಾಗ ಯಾರೋ ಕರಾಟೆ ಕಲಿಸುವುದನ್ನು ಕಿಟಕಿಯಿಂದ ನೋಡಿ ನೋಡಿ, ಕೊನೆಗೆ ಒಳಗೆ ಕರೆಸಿಕೊಂಡು, ಬ್ಲ್ಯಾಕ್ ಬೆಲ್ಟಿನವರೆಗೆ ಹೋದರು. ಆದರೆ ಬೆಲ್ಟ್ ಕಟ್ಟಿಕೊಂಡರೆ ಹೊಟ್ಟೆ ತುಂಬುತ್ತದೆಯೇ? ಶಾರ್ಜಾಕ್ಕೆ ಹೋದದ್ದು ಏಸಿ ಡಕ್ಟ್ ತೊಳೆಯುವ ಕೆಲಸಕ್ಕೆ. ಸೀಲಿಂಗಿನ ಮೇಲಿನ ತಗಡಿನ ಕೊಳವೆಯೊಳಗೆ ದಿನವಿಡೀ ಹೊಟ್ಟೆಯ ಮೇಲೆ ತೆವಳುವುದು, ಸಂಜೆ ಸ್ನಾನ ಮಾಡಿ ಮಕ್ಕಳಿಗೆ ಕರಾಟೆ ಹೇಳಿಕೊಡುವುದು. ಆರು ವರ್ಷ ಹೀಗೆ ನಡೆಯಿತು. ಆಮೇಲೆ ತೋಡಾರಿನ ಅಬ್ದುಲ್ ಸಮದ್ ತಾನು ನೋಡಿಕೊಳ್ಳುತ್ತಿದ್ದ ಸಣ್ಣ ಜಿಮ್ಮಿನಲ್ಲಿ ಅವರಿಗೆ ಕ್ಲಾಸು ಕೊಟ್ಟ, ವೀಸಾವನ್ನೂ ಅಲ್ಲಿಗೇ ಬದಲಿಸಿಕೊಟ್ಟ. ಆ ವಾರ ಮಾಸ್ಟ್ರು ಎಂದಿನ ಶುಕ್ರವಾರದ ಊಟಕ್ಕೆ ನಮ್ಮ ಮನೆಗೆ ಬಂದು, ಇನ್ನು ಡಕ್ಟಿನೊಳಗೆ ಹೋಗಲಿಕ್ಕಿಲ್ಲ ರಮಾನಾಥಣ್ಣ ಎಂದು ಮೂರು ಸಲ ಹೇಳಿದರು. ನನ್ನ ಹೆಂಡತಿ ಕಾಂತಿ ಅವರಿಗೆ ಎರಡು ಮೀನು ಹೆಚ್ಚೇ ಬಡಿಸಿದಳು.

ನಮ್ಮ ಇಬ್ಬರು ಮಕ್ಕಳನ್ನು ಅವರಲ್ಲಿಗೇ ಸೇರಿಸಿದೆವು. ಶೋಧನ್‌ಗೆ ಏಳು ವರ್ಷ, ತೃಷಾಳಿಗೆ ಐದು. ಫ್ಲ್ಯಾಟಿನಲ್ಲಿ ಬೆಳೆದ ಮಕ್ಕಳು ಅಂದರೆ ಗೊತ್ತಲ್ಲ? ಕೆಳಗಿನ ಮನೆಯಾಕೆ ಪೊರಕೆಯ ಕೋಲಿನಿಂದ ಸೀಲಿಂಗಿಗೆ ಕುಟ್ಟುತ್ತಾಳೆಂದು ಹುಟ್ಟಿದಂದಿನಿಂದ ಮೆಲ್ಲ ನಡಿ, ಮೆಲ್ಲ ಮಾತಾಡು ಎಂದು ಹೇಳಿಸಿಕೊಂಡವು. ಅಂಥವರಿಗೆ ಇಲ್ಲಿ ಬಂದು ನೆಲಕ್ಕೆ ಕಾಲು ಹೊಡೆಯಿರಿ, ಹೊಟ್ಟೆಯಿಂದ ಕೂಗಿ ಅಂದರೆ? ತೃಷಾ ಮೊದಲ ವಾರ ಅಮ್ಮನ ಚೂಡಿದಾರಿನ ಹಿಂದಿನಿಂದ ಹೊರಗೇ ಬರಲಿಲ್ಲ. ನಾನು ಎರಡು ಸಲ ಗದರಿದೆ, ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಮಾಸ್ಟ್ರು ನನ್ನನ್ನು ಹೊರಗೆ ಕಳಿಸಿ, ನಿನಗೆ ಯಾವ ಮೀನು ಕಂಡರಾಗುವುದಿಲ್ಲ ಎಂದು ಅವಳನ್ನು ಕೇಳಿದರಂತೆ. ಬಂಗುಡೆ ಎಂದಳಂತೆ. ಹಾಗಾದರೆ ಅದನ್ನೇ ಬೈದು ಓಡಿಸು ಎಂದರಂತೆ. ಮೂರನೆಯ ವಾರ ನಾನು ಮೆಟ್ಟಿಲು ಹತ್ತುವಾಗ ಒಳಗಿನಿಂದ 'ಬಂಗುಡೆ!' ಎಂಬ ಕೂಗು ಕೇಳಿ ಒಬ್ಬನೇ ನಕ್ಕೆ.

ಶೋಧನ್‌ನ ಕಥೆ ಬೇರೆ. ಕಾಲು ಯಾರಿಗಾದರೂ ತಾಗಿದರೆ ಬಗ್ಗಿ ಅವರನ್ನು ಮುಟ್ಟಿ ಕೈ ಕಣ್ಣಿಗೊತ್ತಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಪಾಠ ಮಾಡುವುದಿಲ್ಲ, ಮಕ್ಕಳು ನೋಡಿ ಕಲಿಯುತ್ತವೆ. ಈ ಹುಡುಗ ಕ್ಲಾಸಿನಲ್ಲಿ ತನ್ನ ಒದೆ ತಾಗಿದಾಗಲೆಲ್ಲ ಆಟ ನಿಲ್ಲಿಸಿ, ಬಗ್ಗಿ, ಎದುರಿನವನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದ. ಒದೆಯುವುದೇ ಕೆಲಸವಾದ ಜಾಗದಲ್ಲಿ! ಬೇರೆ ಬೇರೆ ದೇಶದ ಮಕ್ಕಳು ಇದೂ ಕರಾಟೆಯೇ ಎಂದುಕೊಂಡು ತಾವೂ ಬಗ್ಗಲು ಶುರುಮಾಡಿದವು.

ಮಾಸ್ಟ್ರು ಬೈಯಲಿಲ್ಲ. ಮಾಡುವುದಾದರೆ ಆಟ ಮುಗಿದ ಮೇಲೆ ಮಾಡಿ, ನಡುವೆ ಬೇಡ ಎಂದು ಎಲ್ಲರಿಗೂ ಹೇಳಿದರು. ಮನೆಯಲ್ಲೂ ಸ್ವಲ್ಪ ಹೇಳಿ ರಮಾನಾಥಣ್ಣ, ಪೆಟ್ಟಾದೀತು ಎಂದು ನನಗೆ ಬೇರೆಯಾಗಿ ಹೇಳಿದರು. ನಾನು ಹೂಂ ಎಂದೆ. ಹೇಳಿದೆನೋ? ಎಲ್ಲಿ! ಮಗ ಬಗ್ಗುವುದನ್ನು ವೀಡಿಯೊ ಮಾಡಿ ಊರಿನವರಿಗೆಲ್ಲ ಕಳಿಸಿದೆ. ಪರದೇಶದಲ್ಲಿದ್ದರೂ ಸಂಸ್ಕಾರ ಬಿಡಲಿಲ್ಲ ನೋಡಿ ಎಂದು ಎಲ್ಲರೂ ಹೊಗಳಿದರು, ನಾನು ಉಬ್ಬಿದೆ.

ಒಂದು ಮಂಗಳವಾರ ಆಗಬಾರದ್ದು ಆಯಿತು. ಎಂಟು ವರ್ಷದ ಒಬ್ಬಳು ಹುಡುಗಿ ನನ್ನ ಮಗನನ್ನು ನೋಡಿ ಕಲಿತ ಹಾಗೆ ಬಗ್ಗಿದಳು, ಅದೇ ಹೊತ್ತಿಗೆ ಎದುರಿನ ಹುಡುಗನ ಎರಡನೆಯ ಒದೆ ಬಂತು. ಮುಂದಿನ ಹಲ್ಲು ಮುರಿಯಿತು, ತುಟಿ ಸೀಳಿತು. ಮಕ್ಕಳನ್ನು ಕರೆದುಕೊಂಡು ಹೋಗಲು ನಾನು ಬಂದಾಗ ಅವಳ ತಂದೆ ಸಮದ್‌ನ ಕೋಣೆಯಲ್ಲಿ ನಿಂತಿದ್ದ. ದೂರು ಕೊಡುತ್ತೇನೆ, ಇದನ್ನು ಶುರುಮಾಡಿದವರು ಯಾರೆಂದು ನನಗೆ ಗೊತ್ತಾಗಬೇಕು ಎನ್ನುತ್ತಿದ್ದ. ಅವನ ಸಿಟ್ಟು ನ್ಯಾಯವಾದದ್ದೇ. ಮಾಸ್ಟ್ರು ಹುಡುಗಿಯ ಜೊತೆ ಆಸ್ಪತ್ರೆಗೆ ಹೋಗಿದ್ದರು. ನನ್ನ ಮಕ್ಕಳು ಹೊರಗೆ ಶೂ ಹಾಕುತ್ತಿದ್ದರು.

ಸಮದ್ ನನ್ನನ್ನು ಬದಿಗೆ ಕರೆದು ನಮ್ಮ ಭಾಷೆಯಲ್ಲೇ ಕೇಳಿದ. "ರಮಾನಾಥಣ್ಣ, ನಿಜ ಹೇಳಿ. ಈ ಬಗ್ಗುವುದು ನಿಮ್ಮ ಹುಡುಗನಿಂದ ಬಂದದ್ದಾ, ಮಾಸ್ಟ್ರು ಕಲಿಸಿದ್ದಾ? ನಿಮ್ಮ ಹುಡುಗನದ್ದಾದರೆ ಸಣ್ಣ ಮಗು, ನಾನು ಹೇಗಾದರೂ ಸಮಾಧಾನ ಮಾಡ್ತೇನೆ. ಮಾಸ್ಟ್ರದ್ದಾದರೆ ನನ್ನ ಕೈಯಲ್ಲಿ ಇಲ್ಲ."

ಇಷ್ಟು ಸ್ಪಷ್ಟವಾಗಿ ಕೇಳಿದ್ದ ಮಾರಾಯ. ನಿಜ ಹೇಳಿದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಬಿಡಿಸಿ ಹೇಳಿದ್ದ. ಆದರೆ ದೂರು ಎಂಬ ಶಬ್ದ ನನ್ನ ಕಿವಿಯಲ್ಲಿ ಕೂತಿತ್ತು. ಪೊಲೀಸ್ ಬಂದರೆ, ಕಂಪೆನಿಗೆ ಗೊತ್ತಾದರೆ, ನನ್ನ ಕೆಲಸ?

"ಮಾಸ್ಟ್ರೇ ಕಲಿಸಿದ್ದು. ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ" ಎಂದೆ.

ನಮ್ಮ ಮನೆಯಲ್ಲಿ ಇಲ್ಲವಂತೆ! ವೀಡಿಯೊ ನನ್ನ ಜೇಬಿನ ಫೋನಿನಲ್ಲೇ ಇತ್ತು. ಹದಿನೈದು ದಿನದಲ್ಲಿ ಕ್ಲಾಸು ನಿಂತಿತು, ವೀಸಾ ರದ್ದಾಯಿತು. ವಿಮಾನ ನಿಲ್ದಾಣಕ್ಕೆ ಮಾಸ್ಟ್ರನ್ನು ಬಿಟ್ಟು ಬಂದವನೂ ನಾನೇ. ದಾರಿಯುದ್ದಕ್ಕೂ ಅವರು ಮಕ್ಕಳ ವಿಷಯ ಮಾತಾಡಿದರು, ಬೇರೆ ಒಂದು ಶಬ್ದ ಆಡಲಿಲ್ಲ. ಯಾರು ಹೇಳಿದ್ದೆಂದು ಗೊತ್ತಾಗಲಿಲ್ಲ ಎಂದು ನನಗೆ ಸಮಾಧಾನವಾಯಿತು. ಹೌದು, ಸಮಾಧಾನವೇ ಆದದ್ದು, ಸುಳ್ಳೇಕೆ ಹೇಳಲಿ. ಶೋಧನ್ ಮತ್ತೆ ಕರಾಟೆಗೆ ಹೋಗಲಿಲ್ಲ. ಸೋಮಾರಿ ಎಂದು ಅವನಿಗೆ ಬೈದೆ.

ನಾಲ್ಕು ವರ್ಷವಾಯಿತು. ನಾವೂ ಊರಿಗೆ ಬಂದೆವು. ಮೊನ್ನೆ ಜನವರಿಯಲ್ಲಿ ಧರ್ಮಸ್ಥಳಕ್ಕೆ ಹೋದಾಗ ಕಾಂತಿ, ಇಷ್ಟು ಹತ್ತಿರ ಬಂದು ಮಾಸ್ಟ್ರನ್ನು ನೋಡದೆ ಹೋಗುವುದಾ, ನೆರಿಯಕ್ಕೆ ಹೋಗುವ ಎಂದಳು. ಅವಳಿಗೆ ನಾನು ಏನನ್ನೂ ಹೇಳಿರಲಿಲ್ಲ. ಬೇಡ ಎನ್ನಲು ಯಾವ ನೆಪವೂ ಹೊಳೆಯಲಿಲ್ಲ.

ಮಾಸ್ಟ್ರು ಅಂಗಳದಲ್ಲಿ ರಬ್ಬರ್ ಶೀಟು ಒಣಹಾಕುತ್ತಿದ್ದರು. ಅವರೂ ಈಗ ಬೇರೆಯವರ ಮರ ಕೆತ್ತುತ್ತಾರೆ, ತಂದೆಯ ಹಾಗೆ. ಕರಾಟೆ? ಮಕ್ಕಳಿಗೆ ಪೆಟ್ಟು ಮಾಡಿಸಿದ ಮಾಸ್ಟ್ರು ಎಂಬ ಮಾತು ಗಲ್ಫಿನಿಂದ ಬಂದವರ ಬಾಯಲ್ಲಿ ಇಲ್ಲಿಗೂ ಬಂದಿತ್ತು, ಯಾರೂ ಮಕ್ಕಳನ್ನು ಕಳಿಸಲಿಲ್ಲವಂತೆ. ಅವರ ತಾಯಿ ವಾರಿಜಾಕ್ಷಿಯಮ್ಮ ನಮಗೆ ಬೆಲ್ಲ ನೀರು ಕೊಟ್ಟು, ನನ್ನ ಮಗನಿಗೆ ಅಲ್ಲಿ ವಾರ ವಾರ ಊಟ ಹಾಕಿದವರು ನೀವೇ ಅಲ್ಲವಾ ಎಂದು ನನ್ನ ಕೈ ಹಿಡಿದರು. ಆ ಕೈಯನ್ನು ಬಿಡಿಸಿಕೊಂಡು ಓಡಬೇಕೆನಿಸಿತು.

ಕಾಂತಿ ಮಕ್ಕಳನ್ನು ಕಾರಿಗೆ ಹತ್ತಿಸುವಾಗ ನಾನು ಅಂಗಳದಲ್ಲೇ ನಿಂತೆ. ಇವತ್ತು ಹೇಳದಿದ್ದರೆ ಸಾಯುವವರೆಗೂ ಹೇಳಲಾರೆ ಎನಿಸಿತು. ಮಾಸ್ಟ್ರೇ, ಸಮದ್‌ನ ಹತ್ತಿರ ಹೇಳಿದ್ದು ನಾನು, ಎಂದೆ. ಕಣ್ಣು ನೆಲದಲ್ಲಿತ್ತು.

ಅವರು ಶೀಟಿನ ಮಡಿಕೆ ಬಿಡಿಸುತ್ತಲೇ ಇದ್ದರು. "ಗೊತ್ತುಂಟು ರಮಾನಾಥಣ್ಣ. ಶೋಧನ್ ಮರುದಿನವೇ ಬಂದು ಹೇಳಿದ್ದ. ಬಾಗಿಲ ಹತ್ತಿರ ಕೇಳಿಸಿತಂತೆ. ಸಮದಣ್ಣನಿಗೆ ನಾನೇ ಹೇಳ್ತೇನೆ, ಬಗ್ಗಿದ್ದು ನಾನು ಅಂತ ಹೊರಟಿದ್ದ. ನಾನೇ ತಡೆದೆ."

ಯಾಕೆ ಎಂದು ಕೇಳಿದೆ.

"ಅಪ್ಪ ಸುಳ್ಳು ಹೇಳಿದ್ರು ಅಂತ ಏಳು ವರ್ಷದ ಹುಡುಗ ಹೋಗಿ ಹೇಳುವುದಾ? ನನಗೆ ಕ್ಲಾಸು ಹೋದರೆ ಇನ್ನೊಂದು ಕೆಲಸ. ಅವನಿಗೆ ಅಪ್ಪ ಒಬ್ಬರೇ ಅಲ್ವಾ?"

ಕೈ ಮುಗಿಯುವಷ್ಟೂ ಮುಖ ನನಗಿರಲಿಲ್ಲ. ಬಂದು ಗಾಡಿ ತೆಗೆದೆ.

ಉಜಿರೆಯಲ್ಲಿ ಕಾಂತಿ ತೃಷಾಳನ್ನು ಕರೆದುಕೊಂಡು ತರಕಾರಿಗೆ ಇಳಿದಳು. ಕಾರಿನಲ್ಲಿ ನಾವಿಬ್ಬರೇ. ಶೋಧನ್‌ಗೆ ಈಗ ಹನ್ನೊಂದು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಮುಂದೆ ನೋಡಿಕೊಂಡೇ, ಮಾಸ್ಟ್ರಿಗೆ ಹೇಳಿದೆ ಮಗಾ, ಆ ದಿನ ತಪ್ಪು ನನ್ನದು ಎಂದು ಹೇಳಿದೆ ಎಂದೆ. ನಿನಗೆ ಗೊತ್ತಿದ್ದೂ ಇಷ್ಟು ವರ್ಷ ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದೂ ಕೇಳಿದೆ.

ಅವನ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ಅದೇ ಈಗಲೂ ನನ್ನನ್ನು ಕೊಲ್ಲುವುದು.

"ಅಪ್ಪನೇ ಹೇಳ್ತಾರೆ ಅಂತ ಎರಡು ವರ್ಷ ಕಾದೆ" ಎಂದ. "ಆಮೇಲೆ ಕಾಯುವುದು ಬಿಟ್ಟೆ."