ಬಂದಂಗೇ ಇರ್ಲಿ ಅನ್ನುತ್ತಿದ್ದ ಮಾವ

ನಂಜಪ್ಪಮಾವನ ಸ್ಕೂಟರ್ ಸೀಟಿನ ಪ್ಲಾಸ್ಟಿಕ್ ಕವರ್ ಬಿಸಿಲಿಗೆ ಬಿರಿದು ತೊಡೆಗೆ ಚುಚ್ಚುತ್ತಿತ್ತು, ಆದರೂ ತೆಗೆಯುವಂತಿಲ್ಲ. ರಿಮೋಟಿಗೂ ಕವರು, ಫ್ರಿಜ್ಜಿನ ಬಾಗಿಲಲ್ಲಿ ಅಂಗಡಿಯ ಸ್ಟಿಕರು. ಕೇಳಿದರೆ, "ಬಂದಂಗೇ ಇರ್ಲಿ ಬುಡವ್ವ. ಕಂಪ್ನಿಯೋರ್ಗೆ ಗೊತ್ತಿಲ್ದಿರೋದು ನಮ್ಗೇನ್ ಗೊತ್ತು?" ಅನ್ನುತ್ತಿದ್ದರು. ನಮ್ಮಮ್ಮನ ಅಣ್ಣ ಅವರು.

ಚನ್ನರಾಯಪಟ್ಟಣದಲ್ಲಿ ಅವರದು ವಧೂವರರ ಕೇಂದ್ರ. ದಂಡಿಗನಹಳ್ಳಿಯಿಂದ ಅರಕಲಗೂಡಿನವರೆಗೆ ಯಾರ ಮನೆಯಲ್ಲಿ ಮದುವೆಗೆ ಬಂದ ಹೆಣ್ಣಿದೆ ಎಂಬುದು ಬಾಯಲ್ಲೇ ಇರುತ್ತಿತ್ತು. ಗಂಡಿನ ಕಡೆಯವರು ಹುಡುಗಿ ಬೆಳ್ಳಗಿದ್ದಾಳಾ ಅಂದರೆ ಮುಗಿಯಿತು. "ಹೆಣ್ ನೋಡಕ್ ಬಂದಿದ್ದೀರಾ, ಗೋಡೆಗೆ ಬಣ್ಣ ನೋಡಕ್ ಬಂದಿದ್ದೀರಾ? ಎದ್ದೇಳ್ರಿ!" ಅಂಥ ಮಾವನನ್ನು ಹೆಣ್ಣು ಹೆತ್ತವರು ನಂಬದೆ ಇರುತ್ತಾರೆಯೇ?

ಕಾಲ ಬದಲಾಯಿತೆಂದು ವೆಬ್‌ಸೈಟು ಮಾಡಿಸಿದರು. ಅದು ಓಡುವ ಸರ್ವರ್ ಕಂಪ್ಯೂಟರಿನ ಸೆಟ್ಟಿಂಗುಗಳನ್ನೂ ಬಂದ ಹಾಗೆಯೇ ಇಟ್ಟುಕೊಂಡರು. ಹೊಳೆನರಸೀಪುರದಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು ಒಮ್ಮೆ ಅದನ್ನು ತೆರೆದು ನೋಡಿದೆ. ಸೈಟಿನ ವಿಳಾಸದ ಕೊನೆಗೆ ಫೋಟೊ ಎಂದು ಬರೆದರೆ ಸಾಕು, ಅಷ್ಟೂ ಹೆಣ್ಣುಮಕ್ಕಳ ಚಿತ್ರ, ಫೋನ್ ನಂಬರು ಸಾಲಾಗಿ ತೆರೆದುಕೊಳ್ಳುತ್ತಿದ್ದವು. ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದಿತ್ತು.

"ಮಾವ, ಈ ಸೆಟ್ಟಿಂಗ್ ಬದ್ಲಾಯಿಸ್ಲೇಬೇಕು."

"ಕೆದ್ಕಿ ಕೆಡಿಸ್ಬೇಡ ಕಣವ್ವ, ಚೆನ್ನಾಗಿ ಓಡ್ತೈತೆ."

ಮೊಂಡು ಅಂದರೆ ಮೊಂಡು. ಎಷ್ಟು ಸಲ ಜಗಳವಾಡಿದೆನೋ, ಪಾಸ್‌ವರ್ಡು ಮಾತ್ರ ಕೊಡಲಿಲ್ಲ.

ಬಾಗೂರಿನ ಹುಡುಗಿಯೊಬ್ಬಳ ಫೋಟೊ ನಂಬರಿನ ಸಮೇತ ಯಾವುದೋ ಹೊಲಸು ಪುಟದಲ್ಲಿ ಕಾಣಿಸಿತು. ಗೊತ್ತಿಲ್ಲದ ಗಂಡಸರಿಂದ ಒಂದರ ಹಿಂದೊಂದು ಫೋನು. ನಿಶ್ಚಯವಾಗಿದ್ದ ಮದುವೆ ಮುರಿಯಿತು. ಅವಳಪ್ಪ ಬಂದು ಬೈದಿದ್ದರೂ ಮಾವ ತಡೆದುಕೊಳ್ಳುತ್ತಿದ್ದರೇನೋ. ಆತ ಕೈ ಮುಗಿದು, "ಅಣ್ಣಾ, ನೀವೇ ತಾನೆ ಆಕಿದ್ದು? ನೀವೇ ಒಸಿ ಅಳ್ಸಿಬುಡಿ" ಅಂದ.

ಆಮೇಲೆ ಪಾಸ್‌ವರ್ಡು ಕೊಟ್ಟರು. ನಾನು ಎಲ್ಲ ಮುಚ್ಚಿದೆ, ಪೊಲೀಸರಿಗೆ ದೂರು ಕೊಟ್ಟೆವು. ಏನು ಬಂತು ಭಾಗ್ಯ! ಒಂದು ಕಡೆ ತೆಗೆಸಿದ ಚಿತ್ರ ಇನ್ನೊಂದು ಕಡೆ ಏಳುತ್ತಿತ್ತು. ಇನ್ನೂ ಎಷ್ಟೋ ಹುಡುಗಿಯರ ಚಿತ್ರಗಳೂ ಅಂಥ ಪುಟಗಳಿಗೆ ಸೇರಿಕೊಂಡವು. ಮಾವ ಕೇಂದ್ರಕ್ಕೆ ಬೀಗ ಹಾಕಿ, ಮೊಬೈಲಿನಲ್ಲಿ ಅದೇ ಪುಟಗಳನ್ನು ಹುಡುಕುತ್ತಾ ಕೂರುತ್ತಿದ್ದರು. ಊಟಕ್ಕೆ ಕರೆದರೆ ಕೇಳಿಸುತ್ತಿರಲಿಲ್ಲ.

ಅದೇ ಕೊರಗಿನಲ್ಲಿ ಹಾಸಿಗೆ ಹಿಡಿದವರನ್ನು ಹಾಸನದ ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ, "ಎಲ್ಲ ಅಳ್ಸಿದ್ಯಾ?" ಅಂದರು.

"ಹೂಂ ಮಾವ, ಎಲ್ಲ ಹೋಯ್ತು" ಅಂದೆ. ಆ ಸ್ಥಿತಿಯಲ್ಲಿದ್ದವರಿಗೆ ಇನ್ನೇನು ಹೇಳಲಿ?

ಅವರು ಮುಖವನ್ನು ಆಚೆಗೆ ತಿರುಗಿಸಿಕೊಂಡರು.

"ಸುಳ್ಳೇಳ್ಬೇಡ ಕಣವ್ವ. ಮದ್ವೆಗೆ ಮುಂಚೆ ನೀನ್ ಕೊಟ್ಟಿದ್ದ ಫೋಟೊ ಇತ್ತಲ್ಲ, ಅಸ್ರು ಸೀರೇದು... ಅದೂ ಐತೆ."