ಐತಪ್ಪನ ಭುಜನೋವಿನ ಮಾತ್ರೆ

ಮದರಾಸಿನ ಪ್ಯಾರೀಸ್ ಕಾರ್ನರಿನ ಹಿಂದಿನ ಬೀದಿಯಲ್ಲಿದ್ದ ಭೋಜರಾಜರ ಹೋಟೆಲಿನಲ್ಲಿ ಹದಿನೆಂಟು ವರ್ಷ ದೋಸೆಹಿಟ್ಟು ರುಬ್ಬಿದವನು ಐತಪ್ಪ. ಉಡುಪಿ ಕಡೆಯವನು. ಬಂದರಿನ ಗುಮಾಸ್ತರು ಬೇರೆ ಹೋಟೆಲುಗಳನ್ನು ದಾಟಿಕೊಂಡು ಇಲ್ಲಿಗೆ ಬರುವುದು ತನ್ನ ಹಿಟ್ಟಿಗಾಗಿಯೇ ಎಂದು ಅವನ ನಂಬಿಕೆ. ಅದರಲ್ಲಿ ಸುಳ್ಳೂ ಇರಲಿಲ್ಲ.

೧೯೫೮ರಲ್ಲಿ ಅವನ ಬಲಭುಜ ಹಿಡಿದುಕೊಂಡಿತು. ಶಾಖ ಕೊಟ್ಟ, ನೀಲಗಿರಿ ಎಣ್ಣೆ ತಿಕ್ಕಿದ, ಏನೂ ಆಗಲಿಲ್ಲ. ತಲೆ ಬಾಚುವುದೂ ಎಡಗೈಯಲ್ಲೇ ಆಯಿತು. ಅದೇ ಹೊತ್ತಿಗೆ ಭೋಜರಾಜರು ಕರೆಂಟಿನ ರುಬ್ಬುವ ಯಂತ್ರದ ಮಾತೆತ್ತಿದರು. ಯಂತ್ರ ಬಂದರೆ ತನ್ನ ಕೆಲಸ ಹೋದಂತೆಯೇ ಎಂದು ಐತಪ್ಪ ಹೆದರಿದ. ಮರುದಿನವೇ ನುಂಗಂಬಾಕ್ಕಮಿನ ಡಾಕ್ಟರ್ ವೆಂಕಟಲಕ್ಷ್ಮಿಯವರ ಬಳಿಗೆ ಹೋದ. ತಲೆಮಾರುಗಳಿಂದ ಮದರಾಸಿನಲ್ಲಿದ್ದ ಮನೆತನ ಅವರದು. ಅವರ ಕನ್ನಡದೊಳಗೆ ತಮಿಳು ಸಲೀಸಾಗಿ ಬಂದುಹೋಗುತ್ತಿತ್ತು.

"ಕೀಲಲ್ಲಿ ಉರಿಯೂತ ಆಗಿದೆ ಐತಪ್ಪ. ಹೊಸ ಮಾತ್ರೆ ಬರ್ಕೊಡ್ತೀನಿ, ನಲ್ಲಾ ಕೆಲಸ ಮಾಡತ್ತೆ. ಆದ್ರೆ ಸಾಪಾಟು ಆದ್ಮೇಲೇ ತಗೋಬೇಕು, ಖಾಲಿ ಹೊಟ್ಟೆಲಿ ಬೇಡ. ಒಂದೇ ವಾರ. ಕಾಲು ಊದಿದ್ರೆ, ಹೊಟ್ಟೆ ಉರಿದ್ರೆ, ಮಲ ಕಪ್ಪಗಾದ್ರೆ ಉಡನೆ ನಿಲ್ಲಿಸಿ ಇಲ್ಲಿಗೆ ಬನ್ನಿ. ತಿಳೀತಾ?"

"ಆಯ್ತಮ್ಮ."

ಮೂರನೆಯ ದಿನ ಬೆಳಿಗ್ಗೆ ಕೈ ತಾನಾಗಿ ಮೇಲೆದ್ದಿತು. ಐತಪ್ಪ ನಂಬಲಾರದೆ ಕೈಯನ್ನು ನಾಲ್ಕು ಸಲ ಎತ್ತಿ ಇಳಿಸಿ ನೋಡಿದ. ವಾರ ಕಳೆಯಿತು, ಮಾತ್ರೆ ಬಿಟ್ಟ ಎರಡು ದಿನಕ್ಕೆ ನೋವು ಮರಳಿತು. ಡಾಕ್ಟರರ ಬಳಿ ಹೋದರೆ ವಿಶ್ರಾಂತಿ ಎನ್ನುತ್ತಾರೆ, ವಿಶ್ರಾಂತಿ ಎಂದರೆ ಯಂತ್ರ ಬರುತ್ತದೆ. ಅವನು ಹಳೆಯ ಚೀಟಿ ಹಿಡಿದು ಮೂಲೆಯ ಔಷಧಿ ಅಂಗಡಿಗೆ ಹೋದ. ಅಂಗಡಿಯವನು ಏನೂ ಕೇಳದೆ ಕೊಟ್ಟ.

ಹೀಗೆ ನಾಲ್ಕು ತಿಂಗಳು. ನಸುಕಿನಲ್ಲಿ ಕೆಲಸ ಹಿಡಿಯುವವನಿಗೆ ಊಟವೆಲ್ಲಿಯದು? ಬರೀ ಕಾಫಿಯ ಜೊತೆ ಮಾತ್ರೆ ನುಂಗುತ್ತಿದ್ದ. ಪಾದ ಊದಿದಾಗ ಕೂತು ಕೂತು ಹೀಗಾಗಿದೆ ಅಂದುಕೊಂಡ. ಹೊಟ್ಟೆ ಉರಿದಾಗ ಮಜ್ಜಿಗೆ ಕುಡಿದ. ಒಂದು ದಿನ ಮಲ ಟಾರಿನಂತೆ ಕಪ್ಪಗಾಯಿತು. ಡಾಕ್ಟರರ ಮಾತು ನೆನಪಾಗದೆ ಇರಲಿಲ್ಲ. ನವರಾತ್ರಿಯ ಜನಸಂದಣಿ ಕಳೆಯಲಿ ಎಂದು ಸುಮ್ಮನಾದ.

ಎರಡು ದಿನದ ಮೇಲೆ, ಹೋಟೆಲು ತುಂಬಿರುವಾಗಲೇ, ರುಬ್ಬುವ ಕಲ್ಲಿನ ಪಕ್ಕಕ್ಕೆ ಕುಸಿದುಬಿದ್ದ. ಭೋಜರಾಜರು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಒಯ್ದರು. ಹೊಟ್ಟೆಯ ಹುಣ್ಣು ಒಡೆದು ಒಳಗೇ ರಕ್ತ ಸೋರಿತ್ತು. ಮೂರು ಬಾಟಲಿ ರಕ್ತ ಬೇಕಾಯಿತು, ಒಂದು ಭೋಜರಾಜರದೇ.

ವಿಷಯ ತಿಳಿದು ವೆಂಕಟಲಕ್ಷ್ಮಿ ನೋಡಲು ಬಂದರು. "ಮಾತ್ರೆಯಿಂದಲೇ ಆದದ್ದಾ ಅಮ್ಮ?" ಎಂದ ಐತಪ್ಪ.

"ಆಮಾ. ನೋವು ಇಳಿಸಿದ್ದೂ ಅದೇ, ಹುಣ್ಣು ಮಾಡಿದ್ದೂ ಅದೇ. ವಾರ ಕಳೆದ್ಮೇಲೆ ನೀವು ಬರ್ಲಿಲ್ಲ, ನಾನೂ ಕೇಳಿ ಕಳಿಸ್ಲಿಲ್ಲ. ತಪ್ಪು ನಂದೂ ಇದೆ." ಅವರು ಅಷ್ಟು ನೇರವಾಗಿ ಹೇಳಿದ್ದು ಕೇಳಿ ಐತಪ್ಪನಿಗೆ ನಾಚಿಕೆಯಾಯಿತು. ಪಕ್ಕದಲ್ಲೇ ಇದ್ದ ಭೋಜರಾಜರಿಗೆ ಯಂತ್ರದ ಹೆದರಿಕೆಯನ್ನೆಲ್ಲ ಹೇಳಿಬಿಟ್ಟ.

ಭೋಜರಾಜರು ಹಣೆ ಚಚ್ಚಿಕೊಂಡರು. "ಯಂತ್ರ ತಿರುಗ್ತದೆ ಮಾರಾಯ. ಹಿಟ್ಟು ಹದ ಬಂತಾ ಅಂತ ಅದಕ್ಕೆ ಗೊತ್ತುಂಟಾ? ಅದನ್ನು ನೋಡ್ಲಿಕ್ಕೆ ನೀನು ಬೇಡ್ವಾ?"

ಮರುವರ್ಷ ಯಂತ್ರ ಬಂತು. ಅದರ ಪಕ್ಕ ಸ್ಟೂಲು ಹಾಕಿಕೊಂಡು ಐತಪ್ಪ ಬೆರಳದ್ದಿ ಹದ ಹೇಳತೊಡಗಿದ. ಆ ಮಾತ್ರೆ ಅವನಿಗೆ ಜನ್ಮಕ್ಕೆ ನಿಷಿದ್ಧವಾಯಿತು. ಡಾಕ್ಟರು ಹೇಳಿಕೊಟ್ಟಂತೆ ದಿನಾ ಬಿಸಿನೀರಿನ ಶಾಖ ಕೊಟ್ಟು, ಗೋಡೆಯ ಮೇಲೆ ಬೆರಳು ನಡೆಸಿ ಕೈಯನ್ನು ಇಷ್ಟಿಷ್ಟೇ ಏರಿಸುತ್ತಿದ್ದ. ಭುಜ ಪೂರಾ ಸರಿಯಾಗಲಿಲ್ಲ. ಕೈ ಕಿವಿಯ ಮಟ್ಟಕ್ಕೆ ಬಂದು ನಿಂತಿತು.

೧೯೬೪ರಲ್ಲಿ ಸಪ್ಲೈಯರ್ ನಂಜುಂಡನ ಮೊಣಕಾಲು ಊದಿ, ವೆಂಕಟಲಕ್ಷ್ಮಿ ಅವನಿಗೂ ಅದೇ ಮಾತ್ರೆ ಬರೆದರು. ಐತಪ್ಪ ಬೇಡವೆನ್ನಲಿಲ್ಲ. ಏಳು ದಿನವೂ ಇಡ್ಲಿ ತಟ್ಟೆ ಮುಂದಿಟ್ಟು, ತಿಂದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಮಾತ್ರೆ ಕೊಟ್ಟ. ಎಂಟನೆಯ ದಿನ ಮೊಣಕಾಲು ಇಳಿದಿತ್ತು.

"ಇನ್ನೊಂದ್ ವಾರ ತಗೊಂಡ್ರೆ ಪೂರ್ತಿ ಹೋಗತ್ತೆ ಅಲ್ವಾ?" ಎಂದ ನಂಜುಂಡ.

"ಅದನ್ನು ಡಾಕ್ಟ್ರು ಹೇಳ್ಲಿ. ಅಂಗಿ ಹಾಕು, ನಾನೂ ಬರ್ತೇನೆ" ಎಂದು ಐತಪ್ಪ ಸ್ಟೂಲಿನಿಂದ ಎದ್ದ.