ಅಜ್ಜಿಯನ್ನು ನಕಲು ಎಂದ ಆ್ಯಪ್

೧೯೯೬ರಲ್ಲಿ, ಒಂಬತ್ತನೇ ಕ್ಲಾಸಿನ ಮಧ್ಯದಲ್ಲಿ, ನಾನು ಓದು ನಿಲ್ಲಿಸಿದೆ. ಗಣಿತದ ಮೇಷ್ಟ್ರು ತಡೆಯಲು ಬರಲಿಲ್ಲ; ನಾನೂ ಕಾದು ಕೂರಲಿಲ್ಲ. ಅದೇ ವಾರ ಜಯನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಇಂಗ್ಲಿಷನ್ನು ಆಮೇಲೆ ಕಂಪ್ಯೂಟರ್ ತೋರಿಸುವ ಎಚ್ಚರಿಕೆಗಳಿಂದ ಕಲಿತೆ. ಹಾಗಾಗಿ ಇವತ್ತಿಗೂ ನನ್ನ ಇಂಗ್ಲಿಷಿನಲ್ಲಿ ಸ್ವಲ್ಪ ಬೆದರಿಕೆ ಇದೆ.

ಈಗ ಪುಟ್ಟೇನಹಳ್ಳಿಯಲ್ಲಿ ನನ್ನದೇ ಅಂಗಡಿ. ಜೆರಾಕ್ಸ್, ಪ್ರಿಂಟ್, ಅರ್ಜಿ ತುಂಬುವುದು ಹೊಟ್ಟೆಗೆ. ಭಾನುವಾರಕ್ಕೊಂದು ಉಚಿತ ಸಾಫ್ಟ್‌ವೇರ್‌ನ ವಿಮರ್ಶೆ ಬರೆದು ಬ್ಲಾಗಿಗೆ ಹಾಕಿ, ಅದರ ಪ್ರಿಂಟನ್ನು ಅಂಗಡಿಯ ಗಾಜಿಗೆ ಅಂಟಿಸುವುದು ಚಟಕ್ಕೆ. ನಿಯಮ ಒಂದೇ: ವಾರ ಪೂರ್ತಿ ನನ್ನ ಸ್ವಂತ ಕಂಪ್ಯೂಟರಿನಲ್ಲಿ ದುಡಿಸದೆ ಯಾವುದರ ಬಗ್ಗೆಯೂ ಒಂದು ಸಾಲು ಬರೆಯುವುದಿಲ್ಲ. ದೊಡ್ಡ ಓದು ಓದಿದವರು ಸ್ಕ್ರೀನ್‌ಶಾಟ್ ನೋಡಿಯೇ ಐದು ಸ್ಟಾರ್ ಕೊಡುತ್ತಾರೆ. ಅದು ಲಗ್ನಪತ್ರಿಕೆ ನೋಡಿ ಊಟ ಹೊಗಳಿದ ಹಾಗೆ.

ಪಿಡಿಎಫ್ ಜೋಡಿಸುವ ಒಂದು ಆ್ಯಪ್ ಪ್ರತಿ ಪುಟದ ಮೇಲೂ ತನ್ನ ಹೆಸರು ಬರೆಯುತ್ತಿತ್ತು. ಮದುವೆಗೆ ಒಂದು ಸ್ಟೀಲ್ ಲೋಟ ಕೊಟ್ಟು ಅದರ ಮೇಲೆ ಇಡೀ ವಂಶದ ಹೆಸರು ಕೆತ್ತಿಸುವ ಮಾವನಂಥದ್ದು ಎಂದು ಬರೆದೆ. ಕಂಪ್ಯೂಟರ್ ಸ್ವಚ್ಛ ಮಾಡುವ ಇನ್ನೊಂದು, ಆಗಷ್ಟೇ ಡಬ್ಬದಿಂದ ತೆಗೆದ ಮಷೀನಿನಲ್ಲೂ ಸಾವಿರದ ಚಿಲ್ಲರೆ ತೊಂದರೆ ಹುಡುಕಿತು. ಮೊದಲು ಶನಿಕಾಟ ಹೇಳಿ ಆಮೇಲೆ ಹೋಮದ ಪಟ್ಟಿ ಕೊಡುವವರನ್ನು ನೋಡಿದ್ದೇನೆ. ಅವರು ಕೊನೆಗೆ ಪ್ರಸಾದವನ್ನಾದರೂ ಕೊಡುತ್ತಾರೆ.

ಇಂಥ ನಾನು ಹೋಗಿ ಹೋಗಿ, ಒಂದೇ ಥರದ ಫೋಟೊಗಳನ್ನು ಹುಡುಕಿ ಒಂದನ್ನು ಉಳಿಸಿ ಮಿಕ್ಕವನ್ನು ಅಳಿಸುವ ಆ್ಯಪನ್ನು ಮೆಚ್ಚಿಕೊಂಡೆ. ಅಂಗಡಿಯಲ್ಲಿ ಗುಡ್ಡೆಬಿದ್ದಿದ್ದ ಸ್ಕ್ಯಾನ್‌ಗಳ ಮೇಲೆ ಒಂದು ವಾರ ಬಿಟ್ಟೆ. ಜಾಹೀರಾತಿಲ್ಲ, ಕಿರಿಕಿರಿಯಿಲ್ಲ, ಅಚ್ಚುಕಟ್ಟಾಗಿ ಗುಡಿಸಿತು. ‘ಕಣ್ಣು ಮುಚ್ಚಿ ಒತ್ತಿ’ ಎಂದು ಬರೆದೆ. ಆ ಮೂರು ಪದ ಬರೆಯುವಾಗ ನನ್ನ ಅಷ್ಟೂ ವರ್ಷದ ಅನುಭವ ಟೀ ಕುಡಿಯಲು ಹೋಗಿತ್ತು.

ಹತ್ತು ದಿನಕ್ಕೆ ಹೊಸದಾಗಿ ಮದುವೆಯಾದ ಜೋಡಿಯೊಂದು ಲ್ಯಾಪ್‌ಟಾಪ್ ಹಿಡಿದು ಬಂತು. ಧಾರವಾಡದ ಕಡೆಯವರು, ಬಿಟಿಎಂನಲ್ಲಿ ಬಾಡಿಗೆಗಿದ್ದು ಇಬ್ಬರೂ ಆಫೀಸಿಗೆ ಹೋಗುವವರು. ಫೋಟೊಗ್ರಾಫರ್ ಮದುವೆಯ ಫೋಟೊಗಳನ್ನೆಲ್ಲ ಕೊಟ್ಟು, ಆಲ್ಬಮ್ಮಿಗೆ ನೂರು ಆರಿಸಿಕೊಡಿ ಎಂದು ತಿಂಗಳುಗಟ್ಟಲೆ ಕಾದು, ಬೇಸತ್ತು ತನ್ನ ಡಿಸ್ಕ್ ಖಾಲಿ ಮಾಡಿಕೊಂಡಿದ್ದ. ಆರಿಸುವ ಕೆಲಸ ಹಗುರವಾಗಲಿ ಎಂದು ಹೆಂಡತಿ ನನ್ನ ಬ್ಲಾಗ್ ಓದಿ ಆ ಆ್ಯಪ್ ಹಾಕಿ, ನಾನು ಹೇಳಿದ ಹಾಗೆಯೇ ಒತ್ತಿದ್ದರು.

ನಮ್ಮ ಆರತಕ್ಷತೆ ಹೇಗಿರುತ್ತದೆ? ಗಂಡುಹೆಣ್ಣು ಮೂರು ಗಂಟೆ ಕಂಬದ ಹಾಗೆ ನಿಂತಿರುತ್ತಾರೆ. ಅದೇ ಸೋಫಾ, ಅದೇ ಹೂವಿನ ಗೋಡೆ, ಅದೇ ಸುಸ್ತಾದ ನಗು. ಅಕ್ಕಪಕ್ಕದ ಜನ ಮಾತ್ರ ಬದಲಾಗುತ್ತಾರೆ. ಆ್ಯಪಿನ ಲೆಕ್ಕದಲ್ಲಿ ಅದೆಲ್ಲ ಒಂದೇ ಫೋಟೊ. ಎಂಟುನೂರಕ್ಕೂ ಹೆಚ್ಚು ಅಳಿಸಿ ಒಂದನ್ನು ಉಳಿಸಿತ್ತು. ಅದರಲ್ಲಿ ಇದ್ದದ್ದು ಎರಡೂ ಕಡೆಯವರಿಗೆ ಗುರುತಿಲ್ಲದ, ಊಟಕ್ಕೆ ಬಂದಿದ್ದ ಒಬ್ಬ ಅಂಕಲ್. ನನ್ನ ಮದುವೆಯಲ್ಲಿ ತೆಗೆದದ್ದೇ ಹನ್ನೊಂದು ಫೋಟೊ. ನನಗೆ ಇದು ಹೊಳೆಯುವುದಾದರೂ ಹೇಗೆ?

“ಮಂದಿ ಹೋದ್ರ ಹೋಗ್ಲಿ ಬಿಡ್ರಿ ಅಣ್ಣಾರ,” ಎಂದರು ಆಕೆ. “ನಮ್ಮ ಅಜ್ಜಿದೊಂದು ಬೇಕ್ರಿ. ಮದುವಿ ಆಗಿ ತಿಂಗಳಿಗೆ ಹೋದ್ಲು. ನನ್ನ ಬಾಜೂಕ ನಿಂತಿದ್ದು ಅದೊಂದ ಫೋಟೊ.”

ನೋಡಿ ಒತ್ತಬೇಕಿತ್ತು ಮೇಡಂ ಎನ್ನಲು ಬಾಯಿ ತೆರೆದೆ. ಗಂಡ ಗಾಜಿನ ಕಡೆ ನೋಡಿದರು. ಅಲ್ಲಿ ನನ್ನ ಮೂರು ಪದ, ದಪ್ಪ ಅಕ್ಷರದಲ್ಲಿ. ಲ್ಯಾಪ್‌ಟಾಪನ್ನು ನನ್ನ ಕಡೆ ಎಳೆದುಕೊಂಡೆ.

ಅಳಿಸಿದ ಮೇಲೆ ಇದನ್ನು ಬಳಸಿದಿರಾ ಎಂದು ಕೇಳಿದೆ. ಅತ್ತು ಮುಚ್ಚಿಟ್ಟವರು ಮತ್ತೆ ತೆರೆದೇ ಇರಲಿಲ್ಲ. ಅದೃಷ್ಟ, ಡಿಸ್ಕೂ ಹಳೇ ಕಾಲದ್ದು. ಅಂಥದ್ದರಲ್ಲಿ ಅಳಿಸಿದ ಫೈಲು ಬಾಗಿಲ ಮೇಲಿನ ಹೆಸರಿನ ಬೋರ್ಡ್ ಕಿತ್ತ ಬಾಡಿಗೆದಾರನಿದ್ದ ಹಾಗೆ: ಹೊಸಬರು ಬರುವ ತನಕ ಒಳಗೇ ಇರುತ್ತಾನೆ.

ಅಳಿಸಿದ್ದನ್ನು ವಾಪಸ್ ತರುವ, ಚೆಂದದ ಮುಖದ ರಿಕವರಿ ಆ್ಯಪ್‌ಗಳು ಫೋಟೊ ತೋರಿಸಿ, ಉಳಿಸಿಕೊಳ್ಳಲು ಹೊರಟಾಗ ಕಾರ್ಡ್ ನಂಬರ್ ಕೇಳುತ್ತವೆ. ಹಾಗಾಗಿ ಅದೇ ಕೆಲಸದ, ಕಾಸು ಕೇಳದ ಕುರೂಪಿಯನ್ನೇ ಕರೆದೆ: ಕಪ್ಪು ಕಿಟಕಿ, ಬಿಳಿ ಅಕ್ಷರ, ಮೌಸಿಗೆ ಕವಡೆ ಕಾಸಿನ ಮರ್ಯಾದೆ ಇಲ್ಲ. ಬೆಳಿಗ್ಗೆ ಶುರು ಮಾಡಿದ್ದು ಮಧ್ಯಾಹ್ನ ಊಟದ ಹೊತ್ತಿಗೆ ಮುಗಿಯಿತು. ಎಂದೋ ಅಳಿಸಿದ್ದ ಗುಡ್ ಮಾರ್ನಿಂಗ್ ಗುಲಾಬಿಗಳನ್ನೂ ಸೇರಿಸಿ ಸಾವಿರಾರು ಫೋಟೊ ಎತ್ತಿತು, ಹೆಸರಿಲ್ಲದೆ, ಬರೀ ನಂಬರಿನಲ್ಲಿ. ಮೂವರೂ ಸ್ಟೂಲ್ ಎಳೆದುಕೊಂಡು ಒಂದೊಂದೇ ನೋಡುತ್ತ ಕುಳಿತೆವು. ಒಂದು ಫೋಟೊದಲ್ಲಿ ತಮ್ಮ ಆಫೀಸಿನ ಮ್ಯಾನೇಜರ್ ಬಂದಾಗ ಗಂಡ, ಇವನನ್ನ ಬೇಕಾದ್ರ ಮತ್ತ ಅಳಿಸ್ರಿ ಎಂದರು.

ಅಜ್ಜಿ ಸಿಕ್ಕಿದರು. ಸೀರೆಯ ಸೆರಗಿನಿಂದ ಕೆಳಗೆ ಬೂದು ಪಟ್ಟಿ. ಅಷ್ಟು ಭಾಗ ಹೋಗಿತ್ತು. ಮುಖ ಪೂರ್ತಿ ಇತ್ತು.

“ಹಣಿ ಮ್ಯಾಲಿನ ವಿಭೂತಿ ಸೈತ ಕಾಣತೈತ್ರಿ,” ಎಂದು ಆಕೆ ಸ್ಕ್ರೀನ್ ಹತ್ತಿರ ಹೋದರು. ನಾನು ಪ್ರಿಂಟರಿಗೆ ಕಾಗದ ತುಂಬುವ ನೆಪದಲ್ಲಿ ಆ ಕಡೆ ತಿರುಗಿದೆ.

ಅವರು ಹೋದ ಮೇಲೆ ಪಕ್ಕದ ಬೇಕರಿಯವನಿಗೆ ಇಷ್ಟನ್ನೂ ಹೇಳಿದೆ.

“ಆ ಪೇಪರ್ ಹರಿದ್ ಬಿಸಾಕು ಗುರು. ಯಾರ್ ನೋಡ್ತಾರೆ?”

“ಬರ್ದೋನು ನೋಡ್ತೀನಲ್ಲ,” ಎಂದೆ.

ಹರಿಯಲಿಲ್ಲ. ಅದರ ಕೆಳಗೇ ಇನ್ನೊಂದು ಹಾಳೆ ಅಂಟಿಸಿದೆ: ಮೇಲಿನದು ತಪ್ಪು. ಸ್ಕ್ಯಾನ್‌ಗಳ ಮೇಲೆ ಮಾತ್ರ ನೋಡಿ ಹೊಗಳಿದ್ದೆ. ಆರತಕ್ಷತೆ ಫೋಟೊ ಇರುವವರು ಇದನ್ನು ಮುಟ್ಟಬೇಡಿ. ಎರಡನ್ನೂ ಬರೆದವನು ನಾನೇ. ಓದಿ ನಕ್ಕವರಿದ್ದಾರೆ. ನಗಲಿ, ಶಾಲೆ ಬಿಟ್ಟವನೆಂದು ನಗುವವರಿಗಿಂತ ಇವರ ಬಳಿ ಒಳ್ಳೆಯ ಕಾರಣವಿದೆ.

ಮುಂದಿನ ವಾರ ಆ ಜೋಡಿ ಒಂದು ಪೆನ್‌ಡ್ರೈವ್ ತಂದುಕೊಟ್ಟಿತು, ಸಿಕ್ಕ ಅಷ್ಟೂ ಮದುವೆ ಫೋಟೊಗಳ ಪ್ರತಿ. ಇನ್ನು ಯಾವ ಆ್ಯಪ್ ಬಂದರೂ ಮೊದಲು ನಮ್ಮ ಮದುವೆಯ ಮೇಲೆ ಬಿಟ್ಟು ನೋಡಿ, ಆಮೇಲೆ ಊರಿಗೆ ಹೇಳಿ ಎಂದರು. ಹಾಗೇ ಮಾಡುತ್ತಿದ್ದೇನೆ.

ಈಗ ನನ್ನ ಬಳಿ ಇರುವುದು ಒಂದು ಅಂಗಡಿ, ನಾಲ್ಕು ಕಂಪ್ಯೂಟರ್, ಎರಡು ಪ್ರಿಂಟರ್, ನೂರ ಹನ್ನೆರಡು ವಿಮರ್ಶೆ, ಅದರಲ್ಲಿ ತಪ್ಪು ಒಂದು, ಮತ್ತು ಬೇರೆಯವರ ಮದುವೆಯ ಎಂಟುನೂರ ಹದಿನಾಲ್ಕು ಫೋಟೊ.